ಎರಡು ಸೆಕೆಂಡಿಗೊಮ್ಮೆ ಟಿಕ್: ಹಾರ್ಮೋನಿಯಂ ಸ್ಯಾಂಪಲ್‌ನ ಲೂಪ್ ದೋಷ ಹಿಡಿಯುವುದು ಹೇಗೆ

ಅಕ್ಕ ಸಂಗೀತ ಕಲಿಯುತ್ತಾಳೆ. ಅವಳಿಗೆ ಶ್ರುತಿಗೆ ಹಾರ್ಮೋನಿಯಮ್ಮೇ ಆಗಬೇಕು. ಮೊಬೈಲಿನ ಶ್ರುತಿ ‘ಡಬ್ಬದೊಳಗಿಂದ ಬಂದ ಹಾಗಿದೆ’ ಎನ್ನುತ್ತಾಳೆ. ಮನೆಯಲ್ಲಿ ಹಳೆಯದೊಂದು ಹಾರ್ಮೋನಿಯಂ ಇದೆ, ಒಂದೇ ಸ್ಥಾಯಿಯ ಎರಡು ಸಾಲು ರೀಡಿನದು. ಆದರೆ ಒಂದು ಕೈ ತಿದಿಗೆ, ಇನ್ನೊಂದು ಮನೆಗೆ (ಒತ್ತುವ ಕೀಗೆ) ಹೋದರೆ ತಾಳ ಹಾಕಲು ಮೂರನೆಯ ಕೈ ಎಲ್ಲಿಂದ ತರುವುದು? ಬಿಳಿ ಒಂದನ್ನು (ಸ್ಥಾಯಿಯ ಮೊದಲ ಬಿಳಿ ಮನೆ) ಎಂಟು ಸೆಕೆಂಡು ರೆಕಾರ್ಡ್ ಮಾಡಿ, ನಡುವಿನ ಎರಡು ಸೆಕೆಂಡನ್ನು, ಧ್ವನಿ ಹುಟ್ಟಿಸಲೆಂದೇ ಇರುವ ಪ್ರೋಗ್ರಾಮಿಂಗ್ ಭಾಷೆಯಾದ ಸೂಪರ್‌ಕೊಲೈಡರ್‌ನಲ್ಲಿ ಸುತ್ತಿ ಸುತ್ತಿ ನುಡಿಸಿದರೆ, ಅಂದರೆ ಲೂಪ್ ಮಾಡಿದರೆ, ಮುಗಿಯಿತು ಅಂದುಕೊಂಡೆ. ಹತ್ತು ನಿಮಿಷದ ಕೆಲಸ ಮೂರು ವಾರದ ಸಂಜೆಗಳನ್ನು ತಿಂದಿತು. ಅಕ್ಕನ ಮೊದಲ ದೂರು ಹೀಗಿತ್ತು: “ಯಾರೋ ಒಳಗಿಂದ ಬೆರಳಲ್ಲಿ ತಟ್ತಾ ಇದಾರೆ. ನನ್ನ ತಾಳಕ್ಕೂ ಅವರ ತಾಳಕ್ಕೂ ಕೂಡ್ತಾ ಇಲ್ಲ.”

ಆ ಮೂರು ವಾರದಲ್ಲಿ ಕಂಡ ದೋಷಗಳನ್ನು ಈಗ ಹುಡುಕುವುದಾದರೆ ಯಾವ ಕ್ರಮದಲ್ಲಿ ಹುಡುಕುತ್ತೇನೋ ಆ ಕ್ರಮದಲ್ಲಿ ಬರೆದಿದ್ದೇನೆ. ನಾನು ಹುಡುಕಿದ ಕ್ರಮ ಇದಕ್ಕೆ ತದ್ವಿರುದ್ಧವಾಗಿತ್ತು. ಮೊದಲೇ ಒಂದು ಮಾತು: ‘ಸ್ಯಾಂಪಲ್’ ಎಂಬ ಪದವನ್ನು ಇಡೀ ಧ್ವನಿತುಣುಕಿಗೂ ಬಳಸುತ್ತಾರೆ, ಅದರೊಳಗಿನ ಒಂದೊಂದು ಅಂಕಿಗೂ ಬಳಸುತ್ತಾರೆ. ಇಲ್ಲಿ ತುಣುಕಿಗೆ ಸ್ಯಾಂಪಲ್, ಬಿಡಿ ಅಂಕಿಗೆ ಬಿಂದು ಎನ್ನುತ್ತೇನೆ. ಎಲ್ಲ ಲೆಕ್ಕವೂ ಸೆಕೆಂಡಿಗೆ 44100 ಬಿಂದುಗಳದ್ದು.

ಮೊದಲು ಸದ್ದಿಗೆ ಹೆಸರಿಡಿ

‘ಲೂಪ್ ಸರಿ ಇಲ್ಲ’ ಎಂದುಕೊಂಡು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಕಣ್ಣು ಮುಚ್ಚಿ ಕೇಳಿ, ಸದ್ದನ್ನು ಬಾಯಲ್ಲಿ ಅನುಕರಿಸಿ. ತೆಳ್ಳನೆಯ ‘ಟಿಕ್’ ಬಂದರೆ ಬೆಸುಗೆಯ (ಲೂಪಿನ ಕೊನೆ ಅದರ ಶುರುವಿಗೆ ಸೇರುವ ಜಾಗ) ಎರಡು ತುದಿ ಕೂಡಿಲ್ಲ, ಅಲೆ ಹಠಾತ್ತನೆ ಜಿಗಿಯುತ್ತಿದೆ ಎಂದರ್ಥ. ದಪ್ಪನೆಯ ‘ಧಪ್’ ಬಂದರೆ ಜಿಗಿಯುತ್ತಿರುವುದು ಕೆಳಗಿನ ಆವರ್ತನಗಳು: ಫ್ಯಾನಿನ ಗುಯ್‌ಗುಡುವಿಕೆ, ವಿದ್ಯುತ್ತಿನ ಹಮ್, ಮೈಕಿನ ಡಿಸಿ ಆಫ್‌ಸೆಟ್ (ಇಡೀ ಅಲೆ ಸೊನ್ನೆ ಗೆರೆಯಿಂದ ಸರಿದು ನಿಲ್ಲುವುದು). ಟಿಕ್ ಇಲ್ಲದೆ ಸದ್ದು ತೊಟ್ಟಿಲು ಎಡವಿದಂತೆ ತೂಗಿದರೆ ಅದು ಗಟ್ಟಿತನದ ಅಥವಾ ಮಿಡಿತದ (ಸದ್ದು ನಿಧಾನವಾಗಿ ಉಬ್ಬಿ ತಗ್ಗುವುದರ) ದೋಷ. ಬೆಸುಗೆಯ ಬಳಿ ದನಿ ಟೊಳ್ಳಾಗಿ, ಕೊಳವೆಯೊಳಗೆ ಹೋಗಿ ಬಂದಂತಾದರೆ ಎರಡು ತುದಿಗಳನ್ನು ಬೆರೆಸುವ ಕ್ರಾಸ್‌ಫೇಡ್‌ನಲ್ಲಿ ತಪ್ಪಿದೆ. ಸದ್ದು ನುಣ್ಣಗಿದ್ದೂ ಶ್ರುತಿಯೇ ತುಸು ಇಳಿದಿದ್ದರೆ ಲೂಪಿನ ಉದ್ದವೇ ತಪ್ಪು.

ಇನ್ನೊಂದು ಪ್ರಶ್ನೆ, ಎಷ್ಟು ಹೊತ್ತಿಗೊಮ್ಮೆ? ಇದನ್ನು ಕಿವಿಗೆ ಬಿಡಬೇಡಿ. ಇಪ್ಪತ್ತು ಸೆಕೆಂಡಿನ ಔಟ್‌ಪುಟ್ಟನ್ನು ಫೈಲಿಗೆ ಬರೆಸಿ, ಪೈಥಾನ್‌ನಲ್ಲಿ ಪ್ರತಿ ಬಿಂದುವಿಗೂ ಎರಡನೆಯ ವ್ಯತ್ಯಾಸ ತೆಗೆಯಿರಿ. ಹಿಂದಿನದು, ಮುಂದಿನದು ಕೂಡಿಸಿ ನಡುವಿನದರ ಎರಡರಷ್ಟು ಕಳೆಯುವುದು, ಅಷ್ಟೆ. ಅಲೆ ಮುರಿದ ಜಾಗದಲ್ಲಿ ಈ ಅಂಕಿ ಕಂಬದ ಹಾಗೆ ಎದ್ದು ನಿಲ್ಲುತ್ತದೆ. ಕಂಬದಿಂದ ಕಂಬಕ್ಕೆ ದೂರ ನಿಮ್ಮ ಲೂಪಿನ ಉದ್ದಕ್ಕೆ ಸಮನಾಗಿದ್ದರೆ ಮುಂದೆ ಓದಿ. ದೂರ ಗೊತ್ತುಗುರಿ ಇಲ್ಲದೆ ಇದ್ದರೆ ಅದು ಲೂಪಿನ ದೋಷವೇ ಅಲ್ಲ, ಸೌಂಡ್ ಕಾರ್ಡಿಗೆ ಹೊತ್ತಿಗೆ ಸರಿಯಾಗಿ ಬಿಂದುಗಳು ಸಿಗುತ್ತಿಲ್ಲ. ಕಾರ್ಡಿಗೆ ಬಿಂದುಗಳನ್ನು ಕೂಡಿಡುವ ಬಫರ್ ದೊಡ್ಡದು ಮಾಡಿ.

ಇಲ್ಲೊಂದು ಹೊಂಡ ಇದೆ, ನಾನು ಬಿದ್ದಿದ್ದೇನೆ. ರೆಕಾರ್ಡಿಂಗಿನ ಒಳಗೇ ಒಂದು ಟಿಕ್ ಇದ್ದರೆ, ತಿದಿಯ ಮರ ಕಿರ್ ಎಂದದ್ದೋ ಬಳೆ ತಾಗಿದ್ದೋ, ಅದೂ ಲೂಪಿನ ಉದ್ದಕ್ಕೆ ಸರಿಯಾಗಿಯೇ ಮರುಕಳಿಸುತ್ತದೆ. ಲೂಪಿನ ಶುರು, ಕೊನೆ ಎರಡನ್ನೂ ಒಟ್ಟಿಗೆ 5000 ಬಿಂದು ಮುಂದಕ್ಕೆ ತಳ್ಳಿ ನೋಡಿ. ಟಿಕ್ ಬೆಸುಗೆಗೇ ಅಂಟಿಕೊಂಡಿದ್ದರೆ ಬೆಸುಗೆಯದು. ಬೆಸುಗೆಯಿಂದ 5000 ಬಿಂದು ಸರಿದಿದ್ದರೆ ರೆಕಾರ್ಡಿಂಗಿನದು.

ತಪ್ಪು ಫೈಲಿನದೋ ಪ್ರೋಗ್ರಾಮಿನದೋ

ಒಂದು ವಾರ ಲೂಪ್ ಬಿಂದುಗಳನ್ನು ಹಿಂದೆ ಮುಂದೆ ಎಳೆದಾಡಿದ ಮೇಲೆ ಈ ಪ್ರಶ್ನೆ ತಲೆಗೆ ಬಂತು. ಬರಬೇಕಾದ್ದು ಮೊದಲ ದಿನ.

ಹಾರ್ಮೋನಿಯಂ ಬದಿಗಿಡಿ. 441 ಹರ್ಟ್ಸ್‌ನ ಶುದ್ಧ ಸೈನ್ ಅಲೆಯನ್ನು ಪ್ರೋಗ್ರಾಮಿನಲ್ಲೇ ಹುಟ್ಟಿಸಿ ಬಫರಿಗೆ (ಸ್ಯಾಂಪಲ್ ಕೂರುವ ಮೆಮೊರಿಯ ಜಾಗ) ತುಂಬಿ. 44100 ಭಾಗಿಸು 441 ಅಂದರೆ ಒಂದು ಆವರ್ತಕ್ಕೆ (ಅಲೆಯ ಒಂದು ಸುತ್ತಿಗೆ) ಸರಿಯಾಗಿ 100 ಬಿಂದು. 1000ನೆಯ ಬಿಂದುವಿನಿಂದ 2000ದವರೆಗೆ ಲೂಪ್ ಮಾಡಿದರೆ ಹತ್ತು ಆವರ್ತ, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ. ಇದು ಟಿಕ್ ಅಂದರೆ ಫೈಲ್ ನಿರಪರಾಧಿ. ನನ್ನದು ಟಿಕ್ ಅಂದಿತು.

ಮೊದಲ ಅನುಮಾನ ಕೊನೆಯ ಬಿಂದುವಿನ ಮೇಲೆ ಇರಲಿ. ‘ಕೊನೆ 2000’ ಎಂದರೆ 2000ನೆಯ ಬಿಂದುವನ್ನೂ ನುಡಿಸಬೇಕೋ, ಅದಕ್ಕೆ ಒಂದು ಮುಂಚೆ ತಿರುಗಬೇಕೋ? ಈ ಜಗಳದಲ್ಲಿ ಒಬ್ಬೊಬ್ಬರದು ಒಂದೊಂದು ಪಕ್ಷ. ವೇವ್ ಫೈಲಿನೊಳಗೆ ಲೂಪ್ ಮಾಹಿತಿ ಹೊರುವ ‘ಎಸ್‌ಎಂಪಿಎಲ್’ ತುಂಡಿನಲ್ಲಿ ಕೊನೆಯ ಬಿಂದುವೂ ನುಡಿಯುತ್ತದೆ. ಎಸ್‌ಎಫ್‌ಜ಼ಡ್ ಕಡತದಲ್ಲೂ (ಸ್ಯಾಂಪಲ್ಲುಗಳನ್ನು ವಾದ್ಯವಾಗಿ ಜೋಡಿಸುವ ಪಠ್ಯ ಕಡತ) ಹಾಗೆಯೇ. ಸೌಂಡ್‌ಫಾಂಟ್ 2ರಲ್ಲಿ (ಅದೇ ಕೆಲಸದ ಇನ್ನೊಂದು ಬಗೆಯ ಕಡತ) ಕೊನೆ ಎಂದರೆ ಲೂಪ್ ಮುಗಿದ ಮೇಲಿನ ಮೊದಲ ಬಿಂದು, ಶುರುವಿನ ಬಿಂದುವಿನ ಅವಳಿ, ಅದು ನುಡಿಯುವುದಿಲ್ಲ. ಪೈಥಾನ್‌ನ ತುಂಡರಿಸುವಿಕೆಯೂ ಕೊನೆಯನ್ನು ಹೊರಗಿಡುತ್ತದೆ, ಸೂಪರ್‌ಕೊಲೈಡರ್‌ನ ಫೇಸರ್ (ಓದುವ ಸ್ಥಾನವನ್ನು ಎಣಿಸುವ ಘಟಕ) ಕೂಡ. ಪೈಥಾನ್‌ನಲ್ಲಿ ಹುಡುಕಿದ ಅಂಕಿಯನ್ನು ವೇವ್ ಫೈಲಿಗೆ ಹಾಗೇ ಬರೆದರೆ ಲೂಪಿಗೆ ಒಂದು ಬಿಂದು ಹೆಚ್ಚಾಯಿತು.

ಒಂದು ಬಿಂದು ತಾನೇ ಅನ್ನಬೇಡಿ. ಮೇಲಿನ ಸೈನ್ ಅಲೆಯಲ್ಲಿ 1000ದ ಬದಲು 1001 ಬಿಂದು ಸುತ್ತಿದರೆ ಶ್ರುತಿ 1.7 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿಯುತ್ತದೆ, ಯಾರಿಗೂ ಗೊತ್ತಾಗದು. ಆದರೆ ಒಂದೇ ಬೆಲೆ ಎರಡು ಸಲ ಬಂದು ಅಲೆ ಕ್ಷಣ ತಡವರಿಸುವುದರಿಂದ ಸಣ್ಣ ಟಿಕ್ ಕೇಳಿಸುತ್ತದೆ. ಅದೇ ತಪ್ಪು ಒಂದೇ ಆವರ್ತದ, 100 ಬಿಂದುವಿನ ಲೂಪಿನಲ್ಲಿ ಆದರೆ ಟಿಕ್ ಪ್ರತ್ಯೇಕವಾಗಿ ಕೇಳಿಸುವುದೇ ಇಲ್ಲ, ಅದು ನಾದದಲ್ಲಿ ಬೆರೆತುಹೋಗುತ್ತದೆ. ಬದಲಿಗೆ ಶ್ರುತಿ 17 ಸೆಂಟ್ ಇಳಿದು ಯಾರ ಕಿವಿಗಾದರೂ ಚುಚ್ಚುತ್ತದೆ. ಉದ್ದ ಲೂಪಿನಲ್ಲಿ ಟಿಕ್, ಗಿಡ್ಡ ಲೂಪಿನಲ್ಲಿ ಅಪಶ್ರುತಿ: ರೋಗ ಒಂದೇ.

ಎರಡನೆಯ ಅನುಮಾನ ತಿರುಗುವ ರೀತಿಯ ಮೇಲೆ. ಕೊನೆ ಮುಟ್ಟಿದ ಕೂಡಲೇ ಓದುವ ಸ್ಥಾನವನ್ನು ಶುರುವಿಗೆ ತಂದು ನಿಲ್ಲಿಸುವುದು ಸಹಜವಾಗಿ ಬರೆಯುವ ಸಾಲು, ತಪ್ಪು ಸಾಲು. ಮೂಲ ಶ್ರುತಿಯಲ್ಲಿ ನುಡಿಸುವಾಗ ಹೆಜ್ಜೆ, ಅಂದರೆ ಸ್ಥಾನ ಪ್ರತಿ ಸಲ ಮುಂದೆ ಸರಿಯುವ ದೂರ, 1. ಆಗ ಏನೂ ಆಗುವುದಿಲ್ಲ. ಅರ್ಧ ಸ್ವರ ಏರಿಸಿದರೆ ಹೆಜ್ಜೆ 1.0595. ಸ್ಥಾನ 2000.43ಕ್ಕೆ ಬಂದು ನಿಂತಾಗ ಅದನ್ನು 1000ಕ್ಕೆ ಎಳೆದರೆ ಆ 0.43 ಕಳೆದುಹೋಯಿತು. ಬೇಕಾದ್ದು ಹೀಗೆ:

ಸ್ಥಾನ = ಸ್ಥಾನ + ಹೆಜ್ಜೆ
ಸ್ಥಾನ ≥ ಕೊನೆ ಇರುವ ತನಕ: ಸ್ಥಾನ = ಸ್ಥಾನ − (ಕೊನೆ − ಶುರು)

ಬಿಳಿ ಒಂದರಲ್ಲಿ ಸರಿ ಇದ್ದು ಕಪ್ಪು ಒಂದಕ್ಕೆ ಹೋದಾಗ ಮಾತ್ರ ಟಿಕ್ ಬಂದರೆ ಇಲ್ಲೇ ನೋಡಿ. ಸುತ್ತಿನಿಂದ ಸುತ್ತಿಗೆ ಟಿಕ್‌ನ ಜೋರು ಬದಲಾಗುತ್ತಿದ್ದರೆ ಇನ್ನೊಂದು ಸಾಧ್ಯತೆ ಇದೆ: ಕೊನೆ ಬಂತೇ ಎಂದು ಪ್ರತಿ ಬಿಂದುವಿಗೆ ಕೇಳದೆ 64 ಬಿಂದುವಿನ ಬ್ಲಾಕಿಗೊಮ್ಮೆ ಮಾತ್ರ ಕೇಳುತ್ತಿದ್ದೀರಿ.

ಮೂರನೆಯದು ಇಂಟರ್‌ಪೊಲೇಶನ್, ಎರಡು ಬಿಂದುಗಳ ನಡುವಿನ ಬೆಲೆಯನ್ನು ಅಕ್ಕಪಕ್ಕದವುಗಳಿಂದ ಅಂದಾಜಿಸುವುದು. ಸ್ಥಾನ 1999.5 ಇದ್ದಾಗ ಘನ ಇಂಟರ್‌ಪೊಲೇಶನ್ ಅಕ್ಕಪಕ್ಕದ ನಾಲ್ಕು ಬಿಂದು ಕೇಳುತ್ತದೆ: 1998, 1999, 2000, 2001. ಕೊನೆಯ ಎರಡು ಲೂಪಿನ ಆಚೆಯವು. ಸೂಪರ್‌ಕೊಲೈಡರ್‌ನ ಬಫ್‌ರೀಡ್‌ಗೆ ನಿಮ್ಮ ಲೂಪ್ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲ, ಅದು ಬಫರಿನ ತುದಿಯನ್ನಷ್ಟೇ ಬಲ್ಲದು; ಆಚೆ ಏನಿದೆಯೋ ಅದನ್ನೇ ಓದುತ್ತದೆ. ಮೂಲ ರೆಕಾರ್ಡಿಂಗ್ ಮುಂದುವರಿದಿದ್ದರೆ ಪರವಾಗಿಲ್ಲ. ಸ್ಯಾಂಪಲನ್ನು ಲೂಪಿನ ಕೊನೆಗೇ ಕತ್ತರಿಸಿಟ್ಟಿದ್ದರೆ ಅಲ್ಲಿ ಸೊನ್ನೆಯೋ ಬೇರೆ ಇನ್ನೇನೋ ಇರುತ್ತದೆ. ಸೌಂಡ್‌ಫಾಂಟ್ ನಿಯಮ ಬರೆದವರಿಗೆ ಇದು ಗೊತ್ತಿತ್ತು: ಶುರುವಿನ ಸುತ್ತಲಿನ ಎಂಟು ಬಿಂದು, ಕೊನೆಯ ಸುತ್ತಲಿನ ಎಂಟು ಬಿಂದು ತದ್ರೂಪ ಇರಲಿ ಎಂದಿದ್ದಾರೆ. ನಾನೀಗ ಎಲ್ಲ ಕಡೆಯೂ ಅದನ್ನೇ ಪಾಲಿಸುತ್ತೇನೆ. ಶುರುವಿನ ನಂತರದ ಎಂಟು ಬಿಂದುವನ್ನು ಕೊನೆಯ ನಂತರಕ್ಕೆ ನಕಲು ಮಾಡಿದರೆ ಆಯಿತು. ಪ್ಯೂರ್ ಡೇಟಾ ಎಂಬ ಇನ್ನೊಂದು ಧ್ವನಿ ಭಾಷೆಯಲ್ಲಿ ಕೆಲಸ ಮಾಡುವವರು ನಾಲ್ಕು ಬಿಂದುವಿನ ಇಂಟರ್‌ಪೊಲೇಶನ್ನಿನ ಆಸಿಲೇಟರಿಗೆ ಎರಡರ ಘಾತದ ಮೇಲೆ ಮೂರು ಬಿಂದು ಹೆಚ್ಚು ಕೊಡುವುದೂ ಇದೇ ಕಾರಣಕ್ಕೆ.

ನಾಲ್ಕನೆಯದು ಅಪರೂಪದ್ದು, ಸಿಕ್ಕಿದರೆ ತಲೆ ಕೆಡಿಸುತ್ತದೆ. ಫೇಸರ್ ಸ್ಥಾನವನ್ನು ಹೊರಗೆ ಕೊಡುವುದು 32 ಬಿಟ್ ಫ್ಲೋಟ್‌ನಲ್ಲಿ. ಅದು ಪೂರ್ಣಾಂಕಗಳನ್ನು ಒಂದೂ ಬಿಡದೆ ಹಿಡಿಯುವುದು 16777216ರವರೆಗೆ, ಅಂದರೆ 6 ನಿಮಿಷ 20 ಸೆಕೆಂಡಿನ ತನಕ. ತೊಂದರೆ ಅದಕ್ಕೂ ಬಹಳ ಮುಂಚೆ ಶುರುವಾಗುತ್ತದೆ: ಫೈಲಿನ 24ನೆಯ ಸೆಕೆಂಡಿನ ಹೊತ್ತಿಗೆ ಸ್ಥಾನದ ದಶಮಾಂಶ ಎಂಟನೇ ಒಂದರಷ್ಟು ಒರಟಾಗಿರುತ್ತದೆ. ದೊಡ್ಡ ಫೈಲಿನ ನಡುವೆ ಲೂಪ್ ಇಟ್ಟು, ಶ್ರುತಿ ಬದಲಿಸಿದಾಗ ಸರಸರ ಸದ್ದು ಬಂದರೆ ಬೇಕಾದ ತುಂಡನ್ನು ಮಾತ್ರ ಬೇರೆ ಬಫರಿಗೆ ಹಾಕಿ.

ಸೈನ್ ಅಲೆ ನುಣ್ಣಗೆ ಸುತ್ತುವವರೆಗೆ, ಮೂಲ ಶ್ರುತಿಯಲ್ಲೂ ಅರ್ಧ ಸ್ವರ ಏರಿಸಿದರೂ, ಹಾರ್ಮೋನಿಯಮ್ಮನ್ನು ಮುಟ್ಟಬೇಡಿ.

ಸೊನ್ನೆ ದಾಟುವ ಜಾಗ ಹುಡುಕಿದರೆ ಸಾಲದೇ?

ಯಾರನ್ನು ಕೇಳಿದರೂ ಮೊದಲು ಸಿಗುವ ಸಲಹೆ ಇದು: ಅಲೆ ಸೊನ್ನೆ ಗೆರೆ ದಾಟುವಲ್ಲಿ ಕತ್ತರಿಸು. ಧ್ವನಿ ತಿದ್ದುವ ಒಡಾಸಿಟಿಯಲ್ಲಿ ಅದಕ್ಕೊಂದು ಕೀ ಕೂಡ ಇದೆ. ಈ ಸಲಹೆ ತಪ್ಪಲ್ಲ, ಅರ್ಧ. ಎರಡು ತುದಿಯಲ್ಲೂ ಬೆಲೆ ಸೊನ್ನೆ ಇದ್ದ ಮಾತ್ರಕ್ಕೆ ಒಂದು ಏರುತ್ತಾ ದಾಟಿ ಇನ್ನೊಂದು ಇಳಿಯುತ್ತಾ ದಾಟಿದರೆ ಅಲೆಗೆ ಮೂಲೆ ಮೂಡುತ್ತದೆ. ಎರಡೂ ಏರುತ್ತಲೇ ದಾಟಿದರೂ ಸಾಲದು. ಹಾರ್ಮೋನಿಯಮ್ಮಿನ ರೀಡಿನ ಸದ್ದಿನಲ್ಲಿ ಮೇಲಿನ ಸ್ವರಾಂಶಗಳು (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಸದ್ದುಗಳು) ಎಷ್ಟು ಜೋರು ಎಂದರೆ ಒಂದೇ ಆವರ್ತದಲ್ಲಿ ಅಲೆ ಹಲವು ಬಾರಿ ಸೊನ್ನೆ ದಾಟುತ್ತದೆ. ಅದರಲ್ಲಿ ಯಾವ ದಾಟು ಯಾವುದರ ಜೋಡಿ? ಸ್ಟೀರಿಯೋ ಆದರೆ ಎಡ ಚಾನೆಲ್ ಸೊನ್ನೆಯಲ್ಲಿದ್ದಾಗ ಬಲದ್ದು ಬೆಟ್ಟದ ಮೇಲಿರುತ್ತದೆ.

ಆದ್ದರಿಂದ ಬಿಂದುವನ್ನಲ್ಲ, ನೆರೆಹೊರೆಯನ್ನು ಹೋಲಿಸಿ. ಶುರುವಿನ ಸುತ್ತ ಒಂದು ಕಿಟಕಿ (ಒಂದಿಷ್ಟು ಬಿಂದುಗಳ ಸಾಲು), ಕೊನೆಯ ಅಭ್ಯರ್ಥಿಯ ಸುತ್ತ ಅಷ್ಟೇ ಅಗಲದ ಇನ್ನೊಂದು ಕಿಟಕಿ. ಎರಡರ ವ್ಯತ್ಯಾಸದ ವರ್ಗಗಳ ಮೊತ್ತವನ್ನು ಎರಡರ ಒಟ್ಟು ಶಕ್ತಿಯಿಂದ ಭಾಗಿಸಿ. ಸೊನ್ನೆ ಬಂದರೆ ತದ್ರೂಪ. ಶುರುವನ್ನು ನೆಟ್ಟು, ಕೊನೆಯನ್ನು ಒಂದೊಂದೇ ಬಿಂದು ಸರಿಸುತ್ತಾ ಈ ಅಂಕಿ ಎಲ್ಲಿ ಅತಿ ಕಡಿಮೆಯೋ ಅದನ್ನು ಹಿಡಿಯಿರಿ. ಪೈಥಾನಿನ ಲೆಕ್ಕದ ಸಲಕರಣೆ ನಂಪೈಯಲ್ಲಿ ನಾಲ್ಕೈದು ಸಾಲು. ನನ್ನ ಕಿವಿಗೆ, ಈ ಹಾರ್ಮೋನಿಯಮ್ಮಿಗೆ, ಸಾವಿರದಲ್ಲೊಂದಕ್ಕಿಂತ ಕಡಿಮೆ ಬಂದ ಜೋಡಿಗಳಲ್ಲಿ ಟಿಕ್ ಕೇಳಿಸಲಿಲ್ಲ. ಹುಡುಕುವ ಮುಂಚೆ ಸರಾಸರಿಯನ್ನು ಕಳೆದು ಡಿಸಿ ಆಫ್‌ಸೆಟ್ ತೆಗೆಯಿರಿ, ಇಲ್ಲದಿದ್ದರೆ ಅದೂ ಶಕ್ತಿಯ ಲೆಕ್ಕಕ್ಕೆ ಸೇರಿ ಎಲ್ಲ ಜೋಡಿಗಳೂ ಒಳ್ಳೆಯವರಂತೆ ಕಾಣುತ್ತವೆ. ಕಿಟಕಿ ಒಂದು ಆವರ್ತಕ್ಕಿಂತ ಗಿಡ್ಡ ಇರಬಾರದು. ಎರಡನೆಯ ಸ್ವರಾಂಶ ಮೂಲಕ್ಕಿಂತ ಜೋರಿದ್ದಾಗ ಗಿಡ್ಡ ಕಿಟಕಿ ಅರ್ಧ ಆವರ್ತವನ್ನೇ ಪೂರ್ತಿ ಎಂದು ನಂಬಿಬಿಡುತ್ತದೆ.

ಇನ್ನು ಪೂರ್ಣಾಂಕದ ಗೋಳು. ಬಿಳಿ ಒಂದು 261.63 ಹರ್ಟ್ಸ್ ಎಂದುಕೊಂಡರೆ ಒಂದು ಆವರ್ತ 168.56 ಬಿಂದು. ಲೂಪ್ 168 ಬಿಂದು ಆದರೆ ಶ್ರುತಿ ಸುಮಾರು 5.7 ಸೆಂಟ್ ಮೇಲೆ, 169 ಆದರೆ 4.5 ಸೆಂಟ್ ಕೆಳಗೆ. ಎರಡು ಆವರ್ತಕ್ಕೆ 337.12, ತಪ್ಪು 0.6 ಸೆಂಟಿಗೆ ಇಳಿಯಿತು. ಏಳು ಆವರ್ತಕ್ಕೆ 1179.91, ಇನ್ನು ಚಿಂತೆಯಿಲ್ಲ. ಎಷ್ಟು ಆವರ್ತ ಸೇರಿಸಿದರೆ ಮೊತ್ತ ಪೂರ್ಣಾಂಕಕ್ಕೆ ಹತ್ತಿರ ಬರುತ್ತದೆ ಎಂದು ನೋಡುವುದೇ ಉಪಾಯ. ಸೂಪರ್ ನಿಂಟೆಂಡೋ ಕಾಲದ ಆಟದ ಸಂಗೀತಗಾರರಿಗೆ ಈ ಸ್ವಾತಂತ್ರ್ಯವೂ ಇರಲಿಲ್ಲ. ಅದರ ಧ್ವನಿ ಚಿಪ್ 16 ಬಿಂದುಗಳನ್ನು 9 ಬೈಟಿನ ಕಟ್ಟಾಗಿ ಒತ್ತಿಡುತ್ತಿತ್ತು, ಲೂಪ್ ಕಟ್ಟಿನ ಅಂಚಿನಲ್ಲೇ ಬೀಳಬೇಕಿತ್ತು. ಅದಕ್ಕೆ ಅವರು ಲೂಪನ್ನು ಹುಡುಕುವ ಬದಲು ಸ್ಯಾಂಪಲನ್ನೇ ಹಿಗ್ಗಿಸಿ ಕುಗ್ಗಿಸಿ ಉದ್ದವನ್ನು 16ರ ಗುಣಕಕ್ಕೆ ಕೂರಿಸುತ್ತಿದ್ದರು. ಬೇರೆ ದಾರಿ ಕಾಣದಾಗ ಇಂದಿಗೂ ಅದು ನಡೆಯುತ್ತದೆ.

ಟಿಕ್ ಹೋಯಿತು, ತೂಗಾಟ ಬಂತು

ಮೇಲಿನ ಹುಡುಕಾಟವನ್ನು 2048 ಬಿಂದುವಿನ, ಅಂದರೆ 46 ಮಿಲಿಸೆಕೆಂಡಿನ ಕಿಟಕಿಯಲ್ಲಿ ಓಡಿಸಿದೆ. 1.3 ಸೆಕೆಂಡಿನ ಒಂದು ಲೂಪ್ ಸಿಕ್ಕಿತು, ಅಂಕಿ ಅಪ್ಪಟ. ಟಿಕ್ ಮಾಯ. ಅಕ್ಕ ಅರ್ಧ ನಿಮಿಷ ಕೇಳಿ, “ಈಗ ಕುಂಟ್ತಾ ಇದೆ” ಎಂದಳು.

ಎರಡು ಸಾಲಿನ ಹಾರ್ಮೋನಿಯಮ್ಮಿನಲ್ಲಿ ಒಂದೇ ಮನೆ ಒತ್ತಿದರೂ ಎರಡು ರೀಡು ನುಡಿಯುತ್ತವೆ, ಅವು ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿರುತ್ತವೆ. ನನ್ನದರಲ್ಲಿ 261.6 ಮತ್ತು 262.1. ವ್ಯತ್ಯಾಸ 0.5 ಹರ್ಟ್ಸ್, ಆದ್ದರಿಂದ ಎರಡು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ತಗ್ಗುತ್ತದೆ. ಈ ಮಿಡಿತವೇ ಹಾರ್ಮೋನಿಯಮ್ಮಿನ ಜೀವ. ಪ್ರೋಗ್ರಾಂ ಆರಿಸಿದ ಲೂಪ್ ಉಬ್ಬರದ ಶಿಖರಕ್ಕೆ 0.65 ಸೆಕೆಂಡು ಮುಂಚೆ ಶುರುವಾಗಿ 0.65 ಸೆಕೆಂಡು ನಂತರ ಮುಗಿಯುತ್ತಿತ್ತು. ಎರಡೂ ಕಡೆ ಗಟ್ಟಿತನ ಒಂದೇ, ಅಲೆಯ ಆಕಾರವೂ ಒಂದೇ. ಎರಡು ರೀಡಿನ ಬಲ ಸಮಸಮ ಇದ್ದಾಗ ಶಿಖರದ ಆಚೀಚೆ ಸಮದೂರದಲ್ಲಿ ಅಲೆಗಳು ಕನ್ನಡಿಯ ಹಾಗೆ ಹೊಂದುತ್ತವೆ. ಆದರೆ ಶುರುವಿನಲ್ಲಿ ಮಿಡಿತ ಏರುತ್ತಿದೆ, ಕೊನೆಯಲ್ಲಿ ಇಳಿಯುತ್ತಿದೆ. ಸೊನ್ನೆ ದಾಟುವ ಬಿಂದುವಿನಲ್ಲಿ ಮಾಡಿದ ತಪ್ಪನ್ನೇ ಐನೂರು ಪಟ್ಟು ನಿಧಾನದ ಅಲೆಯಲ್ಲಿ ಮತ್ತೆ ಮಾಡಿದ್ದೆ. ಎತ್ತರ ನೋಡಿದೆ, ಇಳಿಜಾರು ನೋಡಲಿಲ್ಲ. ತಗ್ಗಿನ ತಳ ಮುಟ್ಟುವ ಮುಂಚೆಯೇ ಸದ್ದು ಮತ್ತೆ ಏರತೊಡಗುತ್ತಿತ್ತು, ಅದೇ ಕುಂಟು.

ಪತ್ತೆ ಹಚ್ಚುವುದು ಸುಲಭ. 20 ಮಿಲಿಸೆಕೆಂಡಿಗೊಮ್ಮೆ ಗಟ್ಟಿತನ ಅಳೆದು ಗೆರೆ ಎಳೆದರೆ ಮೂಲದ ದುಂಡನೆಯ ತಗ್ಗುಗಳ ಜಾಗದಲ್ಲಿ ಲೂಪಿನಲ್ಲಿ ಚೂಪು ಕಣಿವೆಗಳು ಕಾಣುತ್ತವೆ. ಕಿಟಕಿಯನ್ನು 300 ಮಿಲಿಸೆಕೆಂಡಿಗೆ ಅಗಲಿಸಿ, ಲೂಪಿನ ಉದ್ದವನ್ನು ಮಿಡಿತದ ಗುಣಕಗಳ ಬಳಿಯಲ್ಲೇ ಹುಡುಕಬೇಕು.

ಹಾಗಾದರೆ ಸರಿಯಾಗಿ ಎರಡು ಸೆಕೆಂಡು, 88200 ಬಿಂದು? ನಾನು ಮೊದಲ ದಿನ ಇಟ್ಟದ್ದೂ ಅದೇ, ಟಿಕ್ ಬಂದದ್ದೂ ಅದಕ್ಕೇ. ಎರಡು ಸೆಕೆಂಡಿನಲ್ಲಿ ಮೊದಲ ರೀಡು 523.2 ಆವರ್ತ ಮುಗಿಸುತ್ತದೆ, ಎರಡನೆಯದು 524.2. ಮಿಡಿತ ಕೂಡಿತು, ಅಲೆ ಕೂಡಲಿಲ್ಲ, ಎರಡಕ್ಕೂ 0.2 ಆವರ್ತ ಬಾಲ ಉಳಿಯಿತು. ಆ ಬಾಲ ಎರಡಕ್ಕೂ ಸಮ ಎಂಬುದೇ ನಮ್ಮ ಅದೃಷ್ಟ. 34 ಬಿಂದು ಕತ್ತರಿಸಿ, 88166 ಮಾಡಿ: ಮೊದಲನೆಯದು 523, ಎರಡನೆಯದು 524ಕ್ಕೆ ಕೂದಲೆಳೆ ಕಡಿಮೆ. ಮಿಡಿತಕ್ಕೆ ಮುಕ್ಕಾಲು ಮಿಲಿಸೆಕೆಂಡಿನ ಕೊರತೆ ಲೆಕ್ಕಕ್ಕೇ ಬರುವುದಿಲ್ಲ. ಮಿಡಿತ ಒರಟು ಅಳತೆಗೋಲು, ಆವರ್ತ ನಯ ಅಳತೆಗೋಲು; ಮೊದಲು ಒಂದರಿಂದ ಹತ್ತಿರ ಹೋಗಿ, ಆಮೇಲೆ ಇನ್ನೊಂದರಿಂದ ಕೂರಿಸುವುದು.

ಆ ಎರಡು ಶ್ರುತಿಗಳನ್ನು ಬೇರೆ ಬೇರೆ ಅಳೆದದ್ದು ಹೇಗೆ ಎಂದು ಕೇಳಬಹುದು. ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ ಎಫ್‌ಎಫ್‌ಟಿ. 65536 ಬಿಂದುವಿನ ಎಫ್‌ಎಫ್‌ಟಿಯಲ್ಲಿ ಒಂದೊಂದು ಗೂಡು 0.67 ಹರ್ಟ್ಸ್ ಅಗಲ, ಅರ್ಧ ಹರ್ಟ್ಸ್ ದೂರದ ಎರಡು ರೀಡು ಅದರಲ್ಲಿ ಒಂದೇ ಗುಡ್ಡವಾಗಿ ಕಾಣುತ್ತವೆ. ಮೂಲ ಸ್ವರವನ್ನು ಬಿಟ್ಟು ಎಂಟನೆಯ ಸ್ವರಾಂಶ ನೋಡಿ. ಅಲ್ಲಿ ಅವು 2092.8 ಮತ್ತು 2096.8, ನಾಲ್ಕು ಹರ್ಟ್ಸ್ ದೂರ, ಸ್ಪಷ್ಟ ಎರಡು ಗುಡ್ಡ. ಎಂಟರಿಂದ ಭಾಗಿಸಿ. ಅಳತೆಯ ತಪ್ಪೂ ಎಂಟರಿಂದ ಭಾಗವಾಗುತ್ತದೆ. ಇಷ್ಟಾದರೂ ಕೊನೆಯ ಒಂದೆರಡು ಬಿಂದುವನ್ನು ತೀರ್ಮಾನಿಸಬೇಕಾದದ್ದು ಎಫ್‌ಎಫ್‌ಟಿ ಅಲ್ಲ, ಮೇಲಿನ ಕಿಟಕಿ ಹೋಲಿಕೆಯೇ. ತಿದಿಯ ಒತ್ತಡ ಸ್ವಲ್ಪ ಬದಲಾದರೆ ರೀಡಿನ ಶ್ರುತಿಯೂ ಸರಿಯುತ್ತದೆ. ಎಂಟು ಸೆಕೆಂಡಿನ ರೆಕಾರ್ಡಿಂಗಿನಲ್ಲಿ ನನಗೆ ನಂಬುವಂತಿದ್ದದ್ದು ನಡುವಿನ ನಾಲ್ಕೂವರೆ ಸೆಕೆಂಡು ಮಾತ್ರ.

ತಂಬೂರಿಯಲ್ಲಿ ಈ ಲೆಕ್ಕ ನಡೆಯದು. ಬಿಗಿದ ತಂತಿಯ ಸ್ವರಾಂಶಗಳು ಮೂಲದ ಸರಿಯಾದ ಗುಣಕಗಳಲ್ಲ, ಮೇಲೆ ಹೋದಂತೆ ಸ್ವಲ್ಪ ಸ್ವಲ್ಪ ಏರುತ್ತವೆ. ಎಲ್ಲಕ್ಕೂ ಒಪ್ಪುವ ಒಂದು ಉದ್ದ ಇರುವುದೇ ಇಲ್ಲ. ನಾಲ್ಕು ತಂತಿ ಮೀಟಿದ ಇಡೀ ಸುತ್ತನ್ನೇ ಲೂಪ್ ಮಾಡಿ, ಬೆಸುಗೆಯನ್ನು ಮುಂದಿನ ಮೀಟಿನ ಸದ್ದಿನಡಿ ಅಡಗಿಸುವುದೇ ವಾಸಿ.

ಕ್ರಾಸ್‌ಫೇಡ್ ಮುಲಾಮು

ಕ್ರಾಸ್‌ಫೇಡ್ ಎಂದರೆ ಲೂಪಿನ ಕೊನೆಯ ಒಂದಿಷ್ಟು ಬಿಂದುಗಳನ್ನು ಇಳಿಸುತ್ತಾ, ಶುರುವಿಗೆ ಮುಂಚಿನ ಅಷ್ಟೇ ಬಿಂದುಗಳನ್ನು ಏರಿಸುತ್ತಾ ಬೆರೆಸುವುದು. ತುಂಬ ಜನ ಇದನ್ನೇ ಮೊದಲ ಮದ್ದಾಗಿ ಹಚ್ಚುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಕೊನೆಯದು: ತಪ್ಪು ಲೂಪಿನ ಮೇಲೆ ಹಚ್ಚಿದರೆ ಟಿಕ್ ಹೋಗಿ ಟೊಳ್ಳು ಬರುತ್ತದೆ, ಆಮೇಲೆ ಮೂಲ ದೋಷ ಎಲ್ಲಿತ್ತೆಂದು ಹುಡುಕುವುದೂ ಕಷ್ಟ.

ಹಚ್ಚುವಾಗ ವಕ್ರರೇಖೆ ಯಾವುದು ಎಂಬುದು ಮುಖ್ಯ. ಎರಡು ತುಂಡುಗಳು ಹೆಜ್ಜೆಗೆ ಹೆಜ್ಜೆ ಹೊಂದಿದ್ದರೆ ನೇರ ರೇಖೆ ಸಾಕು, ನಡುವೆ ಅರ್ಧ ಅರ್ಧ ಕೂಡಿ ಒಂದಾಗುತ್ತದೆ. ಅಲ್ಲಿ ಸಮಶಕ್ತಿಯ ರೇಖೆ (ಎರಡರ ವರ್ಗಗಳು ಕೂಡಿ ಒಂದಾಗುವಂಥದು) ಹಾಕಿದರೆ 0.707 ಎರಡು ಸಲ ಕೂಡಿ 1.414 ಆಗಿ ಬೆಸುಗೆಯಲ್ಲಿ 3 ಡೆಸಿಬೆಲ್ ಉಬ್ಬು ಏಳುತ್ತದೆ. ಮಳೆಯ ಸದ್ದು, ಜನರ ಗದ್ದಲದಂಥ ಸಂಬಂಧವಿಲ್ಲದ ತುಂಡುಗಳಿಗೆ ಸಮಶಕ್ತಿಯೇ ಬೇಕು. ನೇರ ರೇಖೆ ಅಲ್ಲಿ 3 ಡೆಸಿಬೆಲ್ ಹಳ್ಳ ತೋಡುತ್ತದೆ. ಸರಿ ಹುಡುಕಿದ 88166ರ ಲೂಪಿಗೆ ನಾನು 1000 ಬಿಂದುವಿನ ನೇರ ಕ್ರಾಸ್‌ಫೇಡ್ ಹಾಕಿದೆ, ಅದು ಉಸಿರಿನ ಗಾಳಿಸದ್ದಿನ ಅಂಚನ್ನು ಒರೆಸಿತು, ಅಷ್ಟು ಸಾಕು. ಶುರುವಿಗೆ ಮುಂಚೆ ಅಷ್ಟು ಬಿಂದುಗಳು ಇರಬೇಕು, ಅವುಗಳಲ್ಲಿ ರೀಡು ಎಚ್ಚೆತ್ತುಕೊಳ್ಳುವ ಮೊದಲ ಕ್ಷಣಗಳು ಸೇರಿರಬಾರದು. ಕೊನೆಯಾಚೆಯ ಎಂಟು ಬಿಂದುಗಳ ನಕಲನ್ನು ಕ್ರಾಸ್‌ಫೇಡ್ ಆದ ಮೇಲೆ ಮಾಡಿ, ಮುಂಚೆ ಅಲ್ಲ.

ಉಳಿದ ಚಿಲ್ಲರೆ

ಎಂಪಿ3 ಬೇಡ. ಅದು 1152 ಬಿಂದುಗಳ ಚೌಕಟ್ಟಿನಲ್ಲಿ ಕೆಲಸ ಮಾಡುತ್ತದೆ, ಎನ್‌ಕೋಡರ್ ಮುಂದೆ ಒಂದಿಷ್ಟು ಮೌನ ಸೇರಿಸುತ್ತದೆ, ಹಿಂದೆ ಒಂದಿಷ್ಟು ತುಂಬುತ್ತದೆ. ನಿಮ್ಮ ಬಿಂದುಸಂಖ್ಯೆಗಳೆಲ್ಲ ಸರಿದುಹೋಗುತ್ತವೆ. ವೇವ್ ಅಥವಾ ಫ್ಲ್ಯಾಕ್ ಇರಲಿ.

44100ರ ಫೈಲನ್ನು 48000ಕ್ಕೆ ಬದಲಿಸಿದರೆ ಲೂಪ್ ಬಿಂದುಗಳನ್ನೂ 160/147ರಿಂದ ಗುಣಿಸಬೇಕು. ಕೆಲವು ಪರಿವರ್ತಕಗಳು ಧ್ವನಿಯನ್ನು ಬದಲಿಸಿ ಲೂಪ್ ಅಂಕಿಗಳನ್ನು ಹಾಗೇ ಬಿಡುತ್ತವೆ, ಇಲ್ಲವೇ ಎಸೆದೇಬಿಡುತ್ತವೆ. ಗುಣಿಸಿದ ಮೇಲೆ ದಶಮಾಂಶ ಬಂದರೆ ಸುಮ್ಮನೆ ಹತ್ತಿರದ ಅಂಕಿಗೆ ತಳ್ಳದೆ ಹುಡುಕಾಟವನ್ನು ಮತ್ತೊಮ್ಮೆ ಓಡಿಸಿ.

ಧಪ್ ಸದ್ದಿಗೆ: ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್, ಅದರ ಹಮ್ಮಿನ ಒಂದು ಆವರ್ತ 882 ಬಿಂದು. ಲೂಪಿನ ಉದ್ದಕ್ಕೆ ಅದೂ ಹೊಂದಬೇಕೆಂದು ಹಟ ಹಿಡಿದರೆ ಬದುಕು ಸಾಲದು. ಬಿಳಿ ಒಂದರ ಕೆಳಗೆ ನಮಗೆ ಬೇಕಾದದ್ದು ಏನೂ ಇಲ್ಲ. 180 ಹರ್ಟ್ಸ್‌ನ ಬಳಿ ಕಡಿದಾದ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಆವರ್ತನಗಳನ್ನು ತಡೆಯುವ ಜರಡಿ) ಹಾಕಿದರೆ 50, 100, 150 ಮೂರೂ ತಗ್ಗುತ್ತವೆ. ಫಿಲ್ಟರ್ ಮೊದಲು, ಲೂಪ್ ಹುಡುಕುವುದು ನಂತರ.

ತಿದಿ ಇಳಿದಂತೆ ಗಟ್ಟಿತನ ಇಳಿದಿದ್ದರೆ ಶುರು ಕೊನೆಗಳ ಬಲವನ್ನು ಅಳೆದು, ಅರ್ಧ ಡೆಸಿಬೆಲ್ಲಿಗಿಂತ ಹೆಚ್ಚು ಅಂತರ ಇದ್ದರೆ ಆ ನಿಧಾನದ ಇಳಿಜಾರಿನಿಂದ ಇಡೀ ತುಂಡನ್ನು ಭಾಗಿಸಿ ಸಮತಟ್ಟು ಮಾಡಿ. ಇಳಿಜಾರು ಅಳೆಯುವ ಕಿಟಕಿ ಎರಡು ಸೆಕೆಂಡಿಗಿಂತ ಉದ್ದ ಇರಲಿ, ಇಲ್ಲದಿದ್ದರೆ ಮಿಡಿತವನ್ನೂ ಇಸ್ತ್ರಿ ಮಾಡಿಬಿಡುತ್ತದೆ. ಒಮ್ಮೆ ಹಾಗೆ ಮಾಡಿ, ಅಕ್ಕನಿಗೆ ಅಪ್ಪಟ ಡಬ್ಬದ ಶ್ರುತಿ ಕೊಟ್ಟಿದ್ದೆ.

88166ರ ಲೂಪಿನಲ್ಲಿ ಅಕ್ಕ ಎರಡು ವಾರ ಹಾಡಿದಳು. ಆಮೇಲೆ ಬಂದ ದೂರು ಟಿಕ್ಕಿನದಲ್ಲ: ಗಾಳಿ ಸುಯ್ ಎನ್ನುವುದು ಪ್ರತಿ ಎರಡು ಸೆಕೆಂಡಿಗೆ ಅದೇ ಜಾಗದಲ್ಲಿ ಬರುತ್ತದಂತೆ, ಒಮ್ಮೆ ಕಿವಿಗೆ ಬಿದ್ದ ಮೇಲೆ ಬಿಡುವುದಿಲ್ಲವಂತೆ. ನಿಜ. ಹಾರ್ಮೋನಿಯಮ್ಮಿನ ಎರಡು ಸಾಲಿಗೂ ಬೇರೆ ಬೇರೆ ಗುಬ್ಬಿ (ಎಳೆದು ತೆರೆಯುವ ಸ್ಟಾಪ್) ಇರುವುದು ಆಗ ನೆನಪಾಯಿತು. ಒಂದನ್ನು ಮುಚ್ಚಿ ಇನ್ನೊಂದನ್ನು, ಹಾಗೆ ಎರಡು ಸಲ ರೆಕಾರ್ಡ್ ಮಾಡಿದೆ. ಒಂಟಿ ರೀಡಿನಲ್ಲಿ ಮಿಡಿತ ಇಲ್ಲ, ಹುಡುಕುವುದು ಮಕ್ಕಳಾಟ. ಮೊದಲನೆಯದಕ್ಕೆ 270 ಆವರ್ತ, 45516 ಬಿಂದು. ಎರಡನೆಯದಕ್ಕೆ 273 ಆವರ್ತ, 45934 ಬಿಂದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಮಿಡಿತ ತಾನಾಗಿ ಹುಟ್ಟುತ್ತದೆ. ಎರಡು ಬೆಸುಗೆಗಳ ನಡುವೆ ಸುತ್ತಿಗೆ 418 ಬಿಂದು ವ್ಯತ್ಯಾಸ ಬೀಳುವುದರಿಂದ ಅವು ಮತ್ತೆ ಒಂದೇ ಕಡೆ ಸೇರಲು ಸುಮಾರು ಎರಡು ನಿಮಿಷ ಬೇಕು. ಅಷ್ಟರಲ್ಲಿ ಅಕ್ಕ ಸರಳೆ ಮುಗಿಸಿ ಜಂಟಿಗೆ ಹೋಗಿರುತ್ತಾಳೆ.